ಬೇಸಿಗೆಯ ಬಿಸಿಲು, ಸಂಜೆಯ ಸಿಡಿಲು



ಯುಗಾದಿ ಮುಗಿಯಿತು. ಇನ್ನು ಬಿಸಿಲು ಏರುತ್ತದೆ. ರಾಯಚೂರು, ಕಲಬುರಗಿ, ಯಾದಗಿರಿ, ವಿಜಯಪುರ, ಕೊಪ್ಪಳ, ಬಳ್ಳಾರಿ, ಈ ಕಡೆಯ ನಾವೆಲ್ಲ ಬಯಲುಸೀಮೆಯವರು. ನಮ್ಮಲ್ಲಿ ಮಲೆನಾಡಿನ ಕಾಡು ಇಲ್ಲ. ಕರಾವಳಿಯ ಕಡಲು ಇಲ್ಲ. ಕಣ್ಣು ಹಾಯುವ ತನಕ ಎರೆ ಹೊಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ.

ಇದೇ ಎರಡು ತಿಂಗಳಲ್ಲಿ ಇನ್ನೊಂದು ಕಾಟವೂ ಇದೆ. ಮಧ್ಯಾಹ್ನದ ತನಕ ಉರಿ ಬಿಸಿಲು. ಎಲೆ ಅಲುಗುವುದಿಲ್ಲ. ನಾಲ್ಕು ಗಂಟೆಗೆ ಮೂಲೆಯಲ್ಲಿ ಕರಿ ಮೋಡ ಏಳುತ್ತದೆ. ಧೂಳು ಎದ್ದು ಕಣ್ಣಿಗೆ ಕತ್ತಲೆ ಬರುತ್ತದೆ. ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಅರ್ಧ ತಾಸಿನಲ್ಲಿ ಎಲ್ಲ ಮುಗಿದುಹೋಗುತ್ತದೆ.

ಬಿಸಿಲಿಗೂ ಜನ ಸಾಯುತ್ತಾರೆ. ಸಿಡಿಲಿಗೂ ಸಾಯುತ್ತಾರೆ. 2015ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಆಂಧ್ರ ಮತ್ತು ತೆಲಂಗಾಣದಲ್ಲಿ ಬಿಸಿಗಾಳಿಗೆ 2,000ಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲು ಬಡಿದು 2,887 ಜನ ಸತ್ತರು. ಇದು ಸರಕಾರದ ಲೆಕ್ಕ. ಇವರಲ್ಲಿ ಬಹಳ ಮಂದಿ ಹಳ್ಳಿಯವರು. ಹೊಲದಲ್ಲಿ ದುಡಿಯುವವರು, ದನ-ಕುರಿ ಕಾಯುವವರು.

ಈ ಎರಡರ ಸುದ್ದಿಯೂ ಮೊದಲೇ ಸಿಗುತ್ತದೆ. ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಬರುತ್ತದೆ. ಅಕ್ಷರದಲ್ಲಿ ಬರುತ್ತದೆ. ಆ ಅಕ್ಷರ ಈಗ ನಿಮ್ಮದು. ಅದನ್ನು ಓದುವುದು ಹೇಗೆ, ಓದಿ ಮಾಡುವುದು ಏನು? ಇಲ್ಲಿ ನೋಡೋಣ.

ಡಿಗ್ರಿ ಎಂದರೆ ಏನು?

ಬಿಸಿಯನ್ನು ಅಳೆಯುವ ಲೆಕ್ಕವೇ ಡಿಗ್ರಿ. ಜೋಳವನ್ನು ಸೇರಿನಲ್ಲಿ ಅಳೆಯುವ ಹಾಗೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಹೊರಗೆ 42 ಡಿಗ್ರಿ ಇದ್ದರೆ ಗಾಳಿಯೇ ನಮ್ಮ ಮೈಗಿಂತ ಬಿಸಿ.

ಒಂದು ಮಾತು ಗೊತ್ತಿರಲಿ. ಪತ್ರಿಕೆಯಲ್ಲಿ ಬರುವ 42 ಡಿಗ್ರಿ ನೆರಳಿನ ಲೆಕ್ಕ. ಬಿಳಿ ಬಣ್ಣದ ಮರದ ಪೆಟ್ಟಿಗೆ ಇರುತ್ತದೆ. ಅದಕ್ಕೆ ಗಾಳಿ ಆಡಲು ಸಂದು ಬಿಟ್ಟಿರುತ್ತಾರೆ. ನೆಲದಿಂದ ನಾಲ್ಕೈದು ಅಡಿ ಮೇಲೆ ಇಟ್ಟು, ಅದರ ಒಳಗೆ ಬಿಸಿ ಅಳೆಯುತ್ತಾರೆ. ಬಟಾಬಯಲಿನಲ್ಲಿ ಬಗ್ಗಿ ಶೇಂಗಾ ಕೀಳುವ ಹೆಣ್ಣುಮಗಳಿಗೆ ತಟ್ಟುವ ಬಿಸಿ ಅದಕ್ಕಿಂತ ಹೆಚ್ಚು.

'ಬಿಸಿಗಾಳಿ' ಎಂಬ ಮಾತು ಓದುತ್ತೀರಿ. ಅದಕ್ಕೂ ಲೆಕ್ಕ ಇದೆ. ಬಯಲು ಪ್ರದೇಶದಲ್ಲಿ ಬಿಸಿ 40 ಡಿಗ್ರಿ ಮುಟ್ಟಬೇಕು. ಜೊತೆಗೆ, ಆ ಊರಿನಲ್ಲಿ ಆ ಕಾಲಕ್ಕೆ ಇರುವ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆಗ ಹವಾಮಾನ ಇಲಾಖೆ 'ಬಿಸಿಗಾಳಿ' ಎನ್ನುತ್ತದೆ. 45 ಮುಟ್ಟಿದರೆ ವಾಡಿಕೆ ಎಷ್ಟೇ ಇರಲಿ, ಅದು ಬಿಸಿಗಾಳಿಯೇ.

ಇದರಲ್ಲಿ ನಮಗೆ ಒಂದು ತೊಡಕು ಇದೆ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ 41 ಡಿಗ್ರಿ ವಾಡಿಕೆಯ ಬಿಸಿಲೇ. ಆದ್ದರಿಂದ ಆ ದಿನ 'ಬಿಸಿಗಾಳಿ' ಎಂದು ಬರೆಯುವುದಿಲ್ಲ. ಹಾಗೆಂದು 41 ಡಿಗ್ರಿ ಮೈಗೆ ಹಗುರವೇ? ನಮ್ಮ ಮೈಗೆ ವಾಡಿಕೆಯ ಲೆಕ್ಕ ಗೊತ್ತಿಲ್ಲ. ಸುದ್ದಿಯಲ್ಲಿ ಬಿಸಿಗಾಳಿ ಎಂಬ ಮಾತು ಇಲ್ಲದಿದ್ದರೂ 40 ದಾಟಿದ ದಿನ ಹುಷಾರಾಗಿರಬೇಕು.

ನೀರಿನ ಗಡಿಗೆ ಮತ್ತು ನಮ್ಮ ಮೈ

ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ? ಗಡಿಗೆಯ ಮೈಯಿಂದ ನೀರು ಸಣ್ಣಗೆ ಜಿನುಗುತ್ತದೆ. ಆ ನೀರು ಆರುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಮೈಯೂ ಹಾಗೆಯೇ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ.

ಗಡಿಗೆಯಲ್ಲಿ ನೀರೇ ಇಲ್ಲದಿದ್ದರೆ? ಗಡಿಗೆ ಕಾಯುತ್ತದೆ. ನೀರು ಕುಡಿಯದ ಮೈಯೂ ಕಾಯುತ್ತದೆ.

ಮೋಡ ಕವಿದ ದಿನ ಇನ್ನೊಂದು ಕಷ್ಟ. ಗಾಳಿಯಲ್ಲಿ ಪಸೆ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಡಿಗ್ರಿ ಕಡಿಮೆ ಇದ್ದರೂ ಧಗೆ ಹೆಚ್ಚು. 'ಇವತ್ತು ಬಿಸಿಲಿಲ್ಲ' ಎಂದು ಆ ದಿನ ಮೈಮರೆಯಬಾರದು.

ನೀರು ಕುಡಿಯಿರಿ ಎಂದು ನಾವು ಕೇಂದ್ರದಲ್ಲಿ ಹೇಳಿದಾಗ ಒಬ್ಬ ಅಕ್ಕ ಕೇಳಿದರು. "ನೀರು ಕುಡಿದ್ರ ಎಲ್ಲಿ ಕುಂದ್ರೂದು ಅಕ್ಕೋರೆ? ಹೊಲದಾಗ ಮರಿ ಇಲ್ಲ. ಗಂಡಸ್ರು ಇರ್ತಾರ."

ಎಲ್ಲರೂ ಸುಮ್ಮನಾದರು. ಇದು ಎಲ್ಲ ಹೆಂಗಸರ ಮಾತು. ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಸಂಜೆಯ ತನಕ ಬಾಯಿ ಒಣಗಿಸಿಕೊಂಡು ದುಡಿಯುತ್ತಾರೆ. ಉರಿಮೂತ್ರ ಬರುತ್ತದೆ. ತಲೆ ಸುತ್ತುತ್ತದೆ. ಪುಸ್ತಕದಲ್ಲಿ 'ಹೆಚ್ಚು ನೀರು ಕುಡಿಯಿರಿ' ಎಂದು ಬರೆಯುವುದು ಸುಲಭ. ಇದನ್ನು ಕೇಳದೆ ಅದನ್ನು ಬರೆದರೆ ಏನು ಬಂತು? ನಾಲ್ಕು ಗೂಟ ಹುಗಿದು ಹಳೆ ಸೀರೆ ಕಟ್ಟಿದರೆ ಒಂದು ಮರೆ ಆಗುತ್ತದೆ. ಹತ್ತು ಹೆಂಗಸರು ಸೇರಿ ಹೊಲದವರನ್ನು ಕೇಳಿದರೆ ಇಲ್ಲ ಎನ್ನಲಾರರು. ಒಬ್ಬಳೇ ಕೇಳಿದರೆ ನಾಚಿಕೆ, ಕೂಡಿ ಕೇಳಿದರೆ ಅದು ಕೂಲಿಯ ಮಾತಿನ ಹಾಗೆಯೇ ಒಂದು ಮಾತು.

ನೀರು, ನೆರಳು ಕೇಳುವುದು ಭಿಕ್ಷೆ ಅಲ್ಲ. 2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿಯೇ ಇದನ್ನು ಬರೆದಿದ್ದರು. ಕೆಲಸದ ಜಾಗದಲ್ಲಿ ಕುಡಿಯುವ ನೀರು ಇರಬೇಕು. ಮಕ್ಕಳಿಗೆ ನೆರಳು ಇರಬೇಕು. ಗಾಯಕ್ಕೆ ಮದ್ದಿನ ಪೆಟ್ಟಿಗೆ ಇರಬೇಕು. ನಮ್ಮ ಕಡೆ ಸರಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುವ ಪದ್ಧತಿ ಹಲವು ವರ್ಷಗಳಿಂದ ಇದೆ. ಬಿಸಿಲಿನ ಕಾರಣಕ್ಕೇ ಹೀಗೆ ಮಾಡಿದ್ದಾರೆ. ಫ್ಯಾನಿನ ಕೆಳಗೆ ಕುಳಿತವರಿಗೆ ಈ ಅನುಕೂಲ ಇದ್ದರೆ ಬಯಲಿನಲ್ಲಿ ದುಡಿಯುವವರಿಗೂ ಬೇಕಲ್ಲವೇ? ನಸುಕಿನ ಆರಕ್ಕೆ ಕೆಲಸ ಹಿಡಿದು ಹನ್ನೊಂದಕ್ಕೆ ಬಿಡುವ ಮಾತು ಹೊಲದವರ ಜೊತೆ ಆಡಿ ನೋಡಿ.

ಕುಡಿಯಲು ಏನು ಒಳ್ಳೆಯದು? ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಅಂಬಲಿ, ನಿಂಬೆಹಣ್ಣಿನ ಪಾನಕ. ಬಾಯಾರುವ ತನಕ ಕಾಯಬೇಡಿ. ಅರ್ಧ ತಾಸಿಗೆ ಒಂದು ಲೋಟದಂತೆ ಕುಡಿಯಿರಿ. ಬಹಳ ಸುಸ್ತಾದವರಿಗೆ, ವಾಂತಿ-ಭೇದಿ ಆದವರಿಗೆ ಮನೆಯಲ್ಲಿಯೇ ಮದ್ದಿನ ನೀರು ಮಾಡಬಹುದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರು. 6 ಸಣ್ಣ ಚಮಚ ಸಕ್ಕರೆ. ಅರ್ಧ ಸಣ್ಣ ಚಮಚ ಉಪ್ಪು. ಅಳತೆ ತಪ್ಪಬಾರದು, ಮುಖ್ಯವಾಗಿ ಉಪ್ಪು ಹೆಚ್ಚಾಗಬಾರದು.

ಬಸುರಿಯರು, ಬಾಣಂತಿಯರು, ಕೂಸುಗಳು, ಮುದುಕರು ಬಿಸಿಲನ್ನು ಬೇಗ ತಾಳಲಾರರು. ತಗಡಿನ ಮನೆಯಲ್ಲಿ ಮಧ್ಯಾಹ್ನ ಒಲೆ ಹಚ್ಚಿದರೆ ಒಳಗೆ ಕುಲುಮೆಯೇ. ರೊಟ್ಟಿ ಬಡಿಯುವ ಕೆಲಸ ಬೆಳಗಿನಲ್ಲಿಯೇ ಮುಗಿಸಿಕೊಂಡರೆ ಒಳ್ಳೆಯದು.

ಬಿಸಿಲು ಬಡಿದರೆ ಹೇಗೆ ಗೊತ್ತಾಗುತ್ತದೆ? ಮೈ ಕೆಂಡದ ಹಾಗೆ ಸುಡುತ್ತದೆ. ಮಾತು ತೊದಲುತ್ತದೆ. ಕೇಳಿದ್ದು ಒಂದು, ಹೇಳುವುದು ಒಂದು ಆಗುತ್ತದೆ. ಎಚ್ಚರ ತಪ್ಪುತ್ತದೆ. ಇದು ದೆವ್ವ ಬಡಿದದ್ದಲ್ಲ, ದೃಷ್ಟಿ ತಾಗಿದ್ದಲ್ಲ. ಮೈಯ ಬಿಸಿ 40 ಡಿಗ್ರಿ ಮುಟ್ಟಿದೆ ಎಂದು ತಿಳಿಯಿರಿ. ಕೂಡಲೇ 108ಕ್ಕೆ ಫೋನು ಮಾಡಿ. ಗಾಡಿ ಬರುವ ತನಕ ಸುಮ್ಮನೆ ಕೂಡಬೇಡಿ. ನೆರಳಿಗೆ ಒಯ್ದು ಬಟ್ಟೆ ಸಡಿಲ ಮಾಡಿ. ಮೈ ಮೇಲೆ ನೀರು ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಉಸಿರಿನ ದಾರಿಗೆ ನೀರು ಹೋಗುತ್ತದೆ.

ಬಿಸಿಲೇ ಸಿಡಿಲಾಗುತ್ತದೆ

ಹಗಲಿನ ಬಿಸಿಲಿಗೂ ಸಂಜೆಯ ಸಿಡಿಲಿಗೂ ನಂಟು ಇದೆ.

ಬಿಸಿಲಿಗೆ ಎರೆ ಭೂಮಿ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಕಾಯ್ದು ಹಗುರಾಗಿ ಮೇಲಕ್ಕೆ ಹೋಗುತ್ತದೆ. ಬಂಗಾಳ ಕೊಲ್ಲಿಯಿಂದಲೂ ಅರಬ್ಬಿ ಸಮುದ್ರದಿಂದಲೂ ಈ ತಿಂಗಳುಗಳಲ್ಲಿ ಪಸೆಯ ಗಾಳಿ ನಮ್ಮ ಕಡೆ ಬರುತ್ತದೆ. ಆ ಪಸೆಯೂ ಮೇಲೆ ಹೋಗುತ್ತದೆ. ಮೇಲೆ ತಂಪು. ಅನ್ನದ ಎಸರಿನ ಹಬೆ ಮುಚ್ಚಳಕ್ಕೆ ತಾಗಿ ಹನಿ ಆಗುತ್ತದಲ್ಲ, ಹಾಗೆ ಅಲ್ಲಿ ಪಸೆ ಹನಿಯಾಗಿ ಮೋಡ ಆಗುತ್ತದೆ. ಬಿಸಿ ಹೆಚ್ಚಾದಷ್ಟೂ, ಪಸೆ ಹೆಚ್ಚಾದಷ್ಟೂ ಮೋಡ ಎತ್ತರ. ಹನ್ನೆರಡು ಕಿಲೋಮೀಟರಿಗಿಂತ ಎತ್ತರ ಬೆಳೆಯುವ ಮೋಡ ಇದೆ. ಹಿಮಾಲಯದ ಎವರೆಸ್ಟ್ ಶಿಖರ ಕೂಡ ಒಂಬತ್ತು ಕಿಲೋಮೀಟರ್ ಇಲ್ಲ.

ಅಷ್ಟು ಎತ್ತರದಲ್ಲಿ ನೀರು ಮಂಜುಗಡ್ಡೆ ಆಗುತ್ತದೆ. ಮಂಜಿನ ಸಣ್ಣ ಚೂರು, ದೊಡ್ಡ ಚೂರು ಒಂದಕ್ಕೊಂದು ತಿಕ್ಕುತ್ತವೆ. ತಿಕ್ಕಿದರೆ ವಿದ್ಯುತ್ ಹುಟ್ಟುತ್ತದೆ. ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಎಂದು ಸದ್ದು ಕೇಳಿದ್ದೀರಲ್ಲ? ಕತ್ತಲಲ್ಲಿ ಸಣ್ಣ ಕಿಡಿಯೂ ಕಾಣುತ್ತದೆ. ಸಿಡಿಲೂ ಅದೇ ಜಾತಿಯದು. ಆದರೆ ಅದು ಹಾಯುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಕಾಯುತ್ತದೆ. ಗಾಳಿ ಒಮ್ಮೆಲೇ ಹಿಗ್ಗುತ್ತದೆ. ಆ ಸದ್ದೇ ಗುಡುಗು.

ಮಳೆಗೆ ಮೊದಲು ತಣ್ಣನೆಯ ಗಾಳಿ ನುಗ್ಗಿ ಬರುತ್ತದೆ. ದಿನವಿಡೀ ಬೆಂದ ನಮಗೆ ಆಗ ಹಾಯ್ ಎನಿಸುತ್ತದೆ. ಅಂಗಳಕ್ಕೆ ಬಂದು ನಿಲ್ಲುತ್ತೇವೆ. ಆ ಗಾಳಿ ಮೋಡದ ಒಳಗಿನಿಂದ ಇಳಿದು ಬಂದದ್ದು. ಮೋಡ ಹತ್ತಿರ ಬಂತು ಎಂದು ಅದು ಹೇಳುತ್ತಿದೆ. ತಗಡು ಹಾರುವುದು, ಟೊಂಗೆ ಮುರಿಯುವುದು ಆ ಗಾಳಿಗೇ. ಒಳಗೆ ಹೋಗುವ ಹೊತ್ತು ಅದು.

ಪತ್ರಿಕೆಯ ಮಾತು ಓದುವುದು ಹೇಗೆ?

ನಮ್ಮ ದೇಶದ ಹವಾಮಾನ ಇಲಾಖೆ 1875ರಲ್ಲಿ ಆರಂಭ ಆಯಿತು. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲವನ್ನು ಗಮನಿಸುವ ಒಂದು ಕೇಂದ್ರ ಆಯಿತು. ಈಗ ಅದು ಎಲ್ಲ ಬಗೆಯ ಪ್ರಕೃತಿ ವಿಕೋಪವನ್ನೂ ನೋಡುತ್ತದೆ. ಆಕಾಶದ ಉಪಗ್ರಹ ಮೋಡದ ಚಿತ್ರ ಕಳಿಸುತ್ತದೆ. ಮೋಡವನ್ನು ದೂರದಿಂದ ಅಳೆಯುವ ರಾಡಾರ್ ಯಂತ್ರ ಹೈದರಾಬಾದಿನಲ್ಲಿ ಇದೆ, ಗೋವಾದಲ್ಲಿ ಇದೆ. ಇದೆಲ್ಲ ಸೇರಿಸಿ ಮುನ್ಸೂಚನೆ ಬರೆಯುತ್ತಾರೆ. ಅದು ಹೀಗೆ ಇರುತ್ತದೆ. ಗಟ್ಟಿಯಾಗಿ ಓದಿ.

'ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ ಆಗುವ ಸಾಧ್ಯತೆ ಇದೆ. ಗಾಳಿಯ ವೇಗ ಗಂಟೆಗೆ 40ರಿಂದ 50 ಕಿ.ಮೀ. ಇರಬಹುದು. ಯೆಲ್ಲೋ ಅಲರ್ಟ್.'

'ಉತ್ತರ ಒಳನಾಡು' ಎಂದರೆ ನಮ್ಮ ಕಡೆ. 'ದಕ್ಷಿಣ ಒಳನಾಡು' ಮೈಸೂರು, ಬೆಂಗಳೂರು ಕಡೆ. ಬಳ್ಳಾರಿಯವರು ಎರಡನ್ನೂ ನೋಡಿಕೊಳ್ಳಿ, ಜಿಲ್ಲೆಯ ಹೆಸರು ಹುಡುಕಿ ಓದಿ.

'ಒಂದೆರಡು ಕಡೆ' ಎಂಬ ಮಾತಿನಲ್ಲಿಯೇ ಗುಟ್ಟು ಇದೆ. "ಅವರು ಹೇಳ್ತಾರ, ಮಳಿ ಬರೂದಿಲ್ಲ" ಎಂದು ನಾವು ನಗುತ್ತೇವೆ. ಅವರು ಎಲ್ಲ ಕಡೆ ಎಂದಿಲ್ಲ. ಮಳೆ ಅಳೆಯುವ ನೂರು ಜಾಗ ಇದ್ದರೆ ಇಪ್ಪತ್ತೈದು ಕಡೆ ಅಥವಾ ಅದಕ್ಕೂ ಕಡಿಮೆ ಕಡೆ ಮಳೆ, ಎಂಬುದು ಅದರ ಅರ್ಥ. 'ಕೆಲವು ಕಡೆ' ಎಂದರೆ ಅರ್ಧದ ತನಕ. 'ಹಲವು ಕಡೆ' ಎಂದರೆ ಅರ್ಧಕ್ಕಿಂತ ಹೆಚ್ಚು. ಬೇಸಿಗೆಯ ಮಳೆ ಈ ಹೊಲಕ್ಕೆ ಸುರಿದರೆ ಬದುವಿನ ಆಚೆ ಒಣ ಇರುತ್ತದೆ. ನಿಮ್ಮ ಊರಿಗೆ ಬರಲಿಲ್ಲ ಎಂದರೆ ಪಕ್ಕದ ಊರಿಗೆ ಬಂದಿರುತ್ತದೆ. ಯಾವ ಊರು ಎಂದು ಹಿಂದಿನ ದಿನ ಯಾರೂ ಹೇಳಲಾರರು. ಆದರೆ ಮೋಡ ಎದ್ದ ಮೇಲೆ ಮುಂದಿನ ಮೂರು ತಾಸಿನ ಸುದ್ದಿಯನ್ನು ಜಿಲ್ಲೆಯ ಹೆಸರು ಹೇಳಿ ಕೊಡುತ್ತಾರೆ. ಅದು ಮೊಬೈಲಿಗೆ ಸಂದೇಶವಾಗಿ ಬರುವುದೂ ಉಂಟು. ಸಿಡಿಲಿನ ಸುದ್ದಿಗೆಂದೇ 'ದಾಮಿನಿ', 'ಸಿಡಿಲು' ಎಂಬ ಆ್ಯಪ್‌ಗಳನ್ನು ಮಾಡಿದ್ದಾರೆ. ಮಕ್ಕಳಿಗೆ ಹೇಳಿದರೆ ಮೊಬೈಲಿಗೆ ಹಾಕಿ ಕೊಡುತ್ತಾರೆ. ಬಂದ ಸಂದೇಶವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ನೀವೇ ಓದಿ.

ಇನ್ನು ಬಣ್ಣ. ಹಸಿರು ಎಂದರೆ ಚಿಂತೆ ಇಲ್ಲ. ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ತಯಾರಾಗಿರಿ. ಕೆಂಪು ಎಂದರೆ ಈಗಲೇ ಏನಾದರೂ ಮಾಡಿ. ಪತ್ರಿಕೆಯಲ್ಲಿ ಇವನ್ನೇ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಎಂದು ಬರೆಯುತ್ತಾರೆ. ಹಳದಿ ಬಂದ ದಿನವೂ ಸಿಡಿಲು ಬೀಳುತ್ತದೆ. ಬಣ್ಣ ತಿಳಿಯಾಗಿದೆ ಎಂದು ಕುರಿ ಹೊಡೆದುಕೊಂಡು ದೂರ ಹೋಗಬೇಡಿ.

ಗುಡುಗು ಕೇಳಿದಾಗ

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಒಂದು, ಎರಡು, ಮೂರು... ನಿಧಾನವಾಗಿ ಎಣಿಸಿ. ಎಣಿಕೆ ನಿಮಗೆ ಮೊದಲೇ ಬರುತ್ತಿತ್ತು, ಅಂಕಿ ಬರೆಯುವುದನ್ನು ಮಾತ್ರ ಕೇಂದ್ರದಲ್ಲಿ ಕಲಿತಿರಿ. ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಎಣಿಸಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. ಮೂವತ್ತಾದರೆ ಹತ್ತು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿದರೆ ಮುಂದಿನ ಸಿಡಿಲು ನಿಮ್ಮ ಮೇಲೆಯೇ ಬೀಳಬಹುದು. ಕೆಲಸ ಬಿಟ್ಟು ಒಳಗೆ ಹೋಗಿ. ಮೋಡಕ್ಕೆ ಎಣಿಸಲು ಆಗದಿದ್ದರೆ, ಗುಡುಗು ಕಿವಿಗೆ ಬಿದ್ದರೆ ಸಾಕು, ಅದೇ ಸೂಚನೆ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಒಳಗೇ ಇರಿ.

ಗುಡುಗುವ ಮೋಡ ಮಳೆ ಸುರಿಸುವುದಿಲ್ಲ ಎಂಬ ಗಾದೆ ಇದೆ. ಮಳೆ ಸುರಿಸದೆ ಇರಬಹುದು. ಸಿಡಿಲು ಮಾತ್ರ ಕೆಡವಬಲ್ಲದು.

ಒಳಗೆ ಎಂದರೆ ಎಲ್ಲಿ? ಗಟ್ಟಿ ಮನೆ, ಶಾಲೆ, ಪಂಚಾಯಿತಿ ಕಟ್ಟಡ. ಬಾಗಿಲು-ಕಿಟಕಿ ಮುಚ್ಚಿದ ಬಸ್ಸು, ಜೀಪು ಕೂಡ ಆದೀತು. ಹೊಲದ ಗುಡಿಸಲು, ತೆರೆದ ಟ್ರ್ಯಾಕ್ಟರ್, ಬೈಕು ಆಗುವುದಿಲ್ಲ.

ಮರದ ಕೆಳಗೆ ಮಾತ್ರ ಬೇಡವೇ ಬೇಡ. ಬಯಲಿನಲ್ಲಿ ಒಂಟಿ ಬೇವಿನ ಮರ ಇದ್ದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಸುತ್ತ ಎತ್ತರದ್ದು ಅದೊಂದೇ. ಸಿಡಿಲು ಅದಕ್ಕೇ ಬಡಿಯುತ್ತದೆ. ಅಲ್ಲಿಂದ ಪಕ್ಕದವರ ಮೈಗೆ ಹಾರುತ್ತದೆ. ಬುಡದಿಂದ ನೆಲದಲ್ಲಿಯೂ ಸುತ್ತ ಹರಡುತ್ತದೆ. ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ದನ, ಕುರಿಗಳ ಮುಂಗಾಲು-ಹಿಂಗಾಲು ದೂರ ದೂರ ಇರುತ್ತವೆ. ಮರದ ಕೆಳಗೆ ಹಿಂಡು ಹಿಂಡಾಗಿ ಅವು ಸಾಯುವುದು ಇದಕ್ಕೇ. ಮರಕ್ಕೆ ಎಮ್ಮೆ ಕಟ್ಟಬೇಡಿ.

ಎಲ್ಲಿಯೂ ಹೋಗಲು ಆಗದಿದ್ದರೆ ತಗ್ಗು ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಎರಡೂ ಪಾದ ಕೂಡಿಸಿ. ತಲೆ ಬಗ್ಗಿಸಿ ಕಿವಿ ಮುಚ್ಚಿ. ಮಲಗಬೇಡಿ. ನೀರಿನಲ್ಲಿ ನಿಲ್ಲಬೇಡಿ. ನಾಲ್ಕು ಜನ ಇದ್ದರೆ ಒಬ್ಬರನ್ನೊಬ್ಬರು ಹಿಡಿದುಕೊಳ್ಳದೆ ದೂರ ದೂರ ಕೂಡಿ.

ಗುಡುಗಿದಾಗ ಅರ್ಜುನನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇದೆ. ಹೇಳಿರಿ. ಮನೆಯ ಒಳಗೆ ಕುಳಿತು ಹೇಳಿರಿ.

ಹೆಂಗಸರಿಗೆ ಇನ್ನೊಂದು ಗಂಡಾಂತರ ಇದೆ, ಅದನ್ನು ಯಾವ ಸುದ್ದಿಯಲ್ಲಿಯೂ ಬರೆಯುವುದಿಲ್ಲ. ಬೇಸಿಗೆ ಎಂದರೆ ಹಪ್ಪಳ, ಸಂಡಿಗೆ, ಶಾವಿಗೆಯ ಕಾಲ. ಮಾಳಿಗೆಯ ಮೇಲೆ ಮೆಣಸಿನಕಾಯಿ, ಒಗೆದ ಬಟ್ಟೆ. ಗುಡುಗು ಕೇಳಿತೋ, ಮೊದಲು ಮಾಳಿಗೆ ಹತ್ತುವವಳು ಮನೆಯ ಹೆಣ್ಣುಮಗಳು. ಆ ಹೊತ್ತಿಗೆ ಸುತ್ತ ಎತ್ತರದಲ್ಲಿ ನಿಂತವಳು ಅವಳೊಬ್ಬಳೇ. ಬೆಳಿಗ್ಗೆ ಮುನ್ಸೂಚನೆ ಓದಿದ್ದರೆ ಮೂರು ಗಂಟೆಗೇ ಎಲ್ಲ ಇಳಿಸಬಹುದು. ಇಳಿಸಲಿಲ್ಲವೋ, ನೆನೆಯಲಿ ಬಿಡಿ. ನೆಂದ ಸಂಡಿಗೆಗೆ ಅತ್ತೆ ಬೈದರೆ ಈ ಪುಟ ಓದಿ ಹೇಳಿ.

ಮನೆಯೊಳಗೆ ಇದ್ದಾಗ ಗೋಡೆಗೆ ಒರಗಬೇಡಿ. ನಳದ ನೀರು ಮುಟ್ಟಬೇಡಿ. ಟಿ.ವಿ., ಮಿಕ್ಸರ್ ವೈರು ಕಿತ್ತಿಡಿ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎನ್ನುತ್ತಾರೆ, ಅದು ಸುಳ್ಳು. ಚಾರ್ಜಿಗೆ ಹಾಕಿದ ಮೊಬೈಲನ್ನು ಮುಟ್ಟಬಾರದು, ಅಷ್ಟೇ.

ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಬಹುದು. ಸತ್ತ ಹಾಗೆ ಕಂಡವರೂ ಬದುಕಬಹುದು. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಒಂದರ ಮೇಲೆ ಒಂದು ಇಟ್ಟು ಒತ್ತಿ, ಬಿಡಿ, ಒತ್ತಿ, ಬಿಡಿ. ನಿಮಿಷಕ್ಕೆ ನೂರು ಸಲಕ್ಕಿಂತ ಕಡಿಮೆ ಆಗಬಾರದು. 108ರ ಗಾಡಿ ಬರುವ ತನಕ ಒಬ್ಬರು ಸೋತರೆ ಇನ್ನೊಬ್ಬರು ಒತ್ತಿ. ತಿಪ್ಪೆಯಲ್ಲಿ ಹೂಳುವುದು, ಸೆಗಣಿ ಬಳಿಯುವುದು ಕೆಲವು ಕಡೆ ನಡೆಯುತ್ತದೆ. ಅದರಿಂದ ಹೊತ್ತು ಹೋಗುತ್ತದೆ, ಜೀವವೂ ಹೋಗುತ್ತದೆ.

ಕಾಗದದ ಮಾತು

ಸಿಡಿಲಿಗೆ ಯಾರಾದರೂ ತೀರಿಕೊಂಡರೆ ಮನೆಯವರಿಗೆ ಸರಕಾರದಿಂದ ಪರಿಹಾರ ಸಿಗುತ್ತದೆ. ದನ, ಎಮ್ಮೆ, ಕುರಿ ಸತ್ತರೂ ಸಿಗುತ್ತದೆ. ದುಃಖದ ಹೊತ್ತಿನಲ್ಲಿ ಕಾಗದ ಯಾರಿಗೆ ನೆನಪಾಗುತ್ತದೆ? ಆದರೂ ಪೊಲೀಸರಿಗೆ ತಿಳಿಸದೆ, ದವಾಖಾನೆಯಲ್ಲಿ ಪರೀಕ್ಷೆ ಮಾಡಿಸದೆ ಮಣ್ಣು ಮಾಡಿದರೆ ಮುಂದೆ ಪರಿಹಾರ ಸಿಗುವುದು ಕಷ್ಟ. ದನ ಸತ್ತರೆ ಹೂಳುವ ಮೊದಲು ದನದ ಡಾಕ್ಟರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಕರೆಸಿ ಬರೆಸಿಕೊಳ್ಳಿ. ಅರ್ಜಿ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ಯಾರೋ ಬರೆದು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು. ಪೂರ್ತಿ ಓದಿ, ಮೊತ್ತ ನೋಡಿ, ನಂತರ ಸಹಿ ಮಾಡಿ. ಒಂದು ನಕಲು ಇಟ್ಟುಕೊಳ್ಳಿ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಈ ನಾಲ್ಕು ಮಳೆಗಳ ಕಾಲದಲ್ಲಿ ಸಿಡಿಲಿನ ಭಯ ಹೆಚ್ಚು. ಜೂನ್ ತಿಂಗಳಲ್ಲಿ ಮಿರ್ಗದ ಮಳೆಯ ಜೊತೆ ಮುಂಗಾರು ಬಂದು ನೆಲ ತಣಿದ ಮೇಲೆ ಅದು ತಗ್ಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಏರುತ್ತದೆ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಈ ಪುಸ್ತಕ ಹುಡುಕಿ ತೆಗೆಯಿರಿ.